ನಲವತ್ತು ದಾಟಿದವರಿಗೆ ಮಾತ್ರ

ಆ ದಿನ ಅರಬೈಲ್ ಘಟ್ಟದಲ್ಲಿ ಬಸ್ ನಿಲ್ಲಿಸಿದ್ದು ಎರಡನೇ ಸಲ. ಹುಬ್ಬಳ್ಳಿಯಿಂದ ಕಾರವಾರಕ್ಕೆ ಬರುವ ಗಾಡಿ, ನಿಲ್ಲಲೂ ಜಾಗ ಇರಲಿಲ್ಲ. ಯಲ್ಲಾಪುರ ಸ್ಟ್ಯಾಂಡಿನಲ್ಲಿ ಇಳಿದು ಹೋಗಿ ಬಂದಿದ್ದೆ. ಅದಾಗಿ ಇನ್ನೂ ಅರ್ಧ ಗಂಟೆ ಕಳೆದಿರಲಿಲ್ಲ, ಮತ್ತೆ ತಡೆಯಲಾಗಲಿಲ್ಲ. ಬೆಲ್ ಹೊಡೆದೆ. ಡ್ರೈವರ್ ಅಣ್ಣ ಕನ್ನಡಿಯಲ್ಲಿ ನನ್ನ ಮುಖ ನೋಡಿದರು. ಏನೂ ಕೇಳಲಿಲ್ಲ. ತಿರುವು ದಾಟಿದ ಮೇಲೆ ಬದಿಗೆ ಹಾಕಿದರು. ನಾನು ಇಳಿದು ಗಾಡಿಯ ಹಿಂದೆ ಓಡಿದೆ. ವಾಪಸ್ ಹತ್ತುವಾಗ ಮುಂದಿನ ಸೀಟಿನಲ್ಲಿದ್ದ ಹೆಂಗಸೊಬ್ಬರು, "ಕಂಡಕ್ಟರೇ, ಇವತ್ತು ಅಂಕೋಲೆ ಮುಟ್ಟಿಸ್ತೀರೋ ಇಲ್ವೋ" ಅಂದರು. ನನಗೆ ತಲೆ ಎತ್ತಲಾಗಲಿಲ್ಲ.

ಇದು 2022ರ ಅಕ್ಟೋಬರ್. ನನಗೆ ಆಗ 26 ವರ್ಷ. ಎತ್ತರ ಐದು ಅಡಿ ಏಳು ಇಂಚು. ತೂಕ ಚೌತಿಯ ಹೊತ್ತಿಗೆ 61 ಕೆಜಿ ಇದ್ದದ್ದು ಆಗ 55ಕ್ಕೆ ಇಳಿದಿತ್ತು. ಮೊದಲಿಂದಲೂ ತೆಳ್ಳಗೆ ಇದ್ದವನು ನಾನು. ಡಿಪೋದಲ್ಲಿ ಕಡ್ಡಿ ಅಂತಲೇ ಕರೆಯುತ್ತಿದ್ದರು. ಹಾಗಾಗಿ ಆರು ಕೆಜಿ ಹೋದದ್ದು ಯಾರಿಗೂ ಗೊತ್ತಾಗಲಿಲ್ಲ. ಪ್ಯಾಂಟಿಗೆ ಬೆಲ್ಟಿನಲ್ಲಿ ಹೊಸ ತೂತು ಹೊಡೆಸಿಕೊಂಡಾಗ ನನಗೇ ಗೊತ್ತಾಗಿದ್ದು.

ಬಾಯಾರಿಕೆಯಿಂದ ಶುರು ಮಾಡಬೇಕು. ಸುಮ್ನೆ ಬಾಯಾರಿಕೆ ಅಂದರೆ ಅರ್ಥ ಆಗುವುದಿಲ್ಲ. ನಾಲಿಗೆ ಅಂಗುಳಿಗೆ ಅಂಟಿಕೊಳ್ಳುತ್ತಿತ್ತು. "ಯಾರ್ರೀ ಟಿಕೆಟ್" ಅಂತ ಕೂಗಲು ಬಾಯಿ ಬರುತ್ತಿರಲಿಲ್ಲ. ಎರಡು ಲೀಟರಿನ ಬಾಟಲಿ ಅಂಕೋಲೆಯಲ್ಲಿ ತುಂಬಿಸಿದರೆ ಕಾರವಾರ ಬರುವಷ್ಟರಲ್ಲಿ ಖಾಲಿ. ಸ್ಟ್ಯಾಂಡಿನಲ್ಲಿ ಇಳಿದು ಕಬ್ಬಿನ ಹಾಲು ಕುಡಿಯುತ್ತಿದ್ದೆ, ಲಿಂಬು ಸೋಡಾ ಕುಡಿಯುತ್ತಿದ್ದೆ. ಮನೆಗೆ ಬಂದರೆ ಅವ್ವ ಮಾಡಿದ ಮುರುಗಲು ಪಾನಕ, ಒಂದು ತಂಬಿಗೆ. ಕುಡಿದಷ್ಟೂ ಬಾಯಿ ಒಣಗುತ್ತಿತ್ತು. ಈಗ ಗೊತ್ತು. ರಕ್ತದಲ್ಲಿ ಸಕ್ಕರೆ ಸುಮಾರು 180 ದಾಟಿದರೆ ಕಿಡ್ನಿ ಅದನ್ನು ಹಿಡಿದಿಡಲಾರದೆ ಮೂತ್ರಕ್ಕೆ ಬಿಡುತ್ತದೆ. ಸಕ್ಕರೆ ಹೋಗುವಾಗ ನೀರನ್ನೂ ಎಳೆದುಕೊಂಡು ಹೋಗುತ್ತದೆ. ನಾನು ಆ ನೀರು ತುಂಬಿಸಲು ಮತ್ತೆ ಸಕ್ಕರೆಯನ್ನೇ ಕುಡಿಯುತ್ತಿದ್ದೆ.

ಆಮೇಲೆ ಕಣ್ಣು. ಟಿಕೆಟ್ ಮಷಿನಿನ ಪರದೆಯಲ್ಲಿ 3 ಮತ್ತು 8 ಒಂದೇ ಥರ ಕಾಣತೊಡಗಿದವು. ಐವತ್ತರ ನೋಟು, ಇನ್ನೂರರ ನೋಟು ಬಣ್ಣದಿಂದ ಗುರುತು ಹಿಡಿಯುತ್ತಿದ್ದೆ. ಒಂದು ವಾರದಲ್ಲಿ ಮೂರು ಸಲ ಲೆಕ್ಕದಲ್ಲಿ ಹಣ ಕಡಿಮೆ ಬಂತು, ಕೈಯಿಂದ ಕಟ್ಟಿದೆ. ಕಂಡಕ್ಟರ್ ಕೆಲಸದಲ್ಲಿ ಹಣ ಕಡಿಮೆ ಬೀಳುವುದು ಬರೀ ಹಣದ ಮಾತಲ್ಲ, ಹೆಸರಿನ ಮಾತು. ಕಾರವಾರದಲ್ಲಿ ಕನ್ನಡಕದ ಅಂಗಡಿಗೆ ಹೋಗಿ ಚಷ್ಮಾ ಮಾಡಿಸಿದೆ. ಎರಡು ವಾರಕ್ಕೆ ಆ ನಂಬರೂ ಹೊಂದಲಿಲ್ಲ. ಸಕ್ಕರೆ ಏರಿಳಿದಂತೆ ಕಣ್ಣಿನ ಮಸೂರ ಊದಿಕೊಂಡು ಇಳಿಯುತ್ತದೆ, ಹಾಗಾಗಿ ನಂಬರ್ ಒಂದೇ ಕಡೆ ನಿಲ್ಲುವುದಿಲ್ಲ. ಶುಗರ್ ಹಿಡಿತಕ್ಕೆ ಬಂದ ಮೇಲೆ ನನಗೆ ಚಷ್ಮಾ ಬೇಕೇ ಆಗಲಿಲ್ಲ. ಈಗಲೂ ಕಪಾಟಿನಲ್ಲಿದೆ.

ಮೊದಲು ತೋರಿಸಿದ ಡಾಕ್ಟರು ಮೂತ್ರದ ಸೋಂಕು ಅಂದರು. ಐದು ದಿನದ ಗುಳಿಗೆ ಕೊಟ್ಟರು. "ಬಸ್ಸಿನಲ್ಲಿ ತಡೆದು ತಡೆದು ಹಿಂಗಾಗ್ತದೆ" ಅಂದರು. ನನಗೂ ಸರಿ ಅನ್ನಿಸಿತು. ಕಡಿಮೆ ಆಗಲಿಲ್ಲ. ಎರಡನೆಯವರು ತೂಕ ಇಳಿದದ್ದು ನೋಡಿ ಟಿಬಿ ಇರಬಹುದು ಅಂತ ಕಫ ಕಳಿಸಿದರು, ಎಕ್ಸ್‌ರೇ ತೆಗೆಸಿದರು. ಎರಡೂ ಸರಿ ಇದ್ದವು. ಟಿಬಿ ನೋಡಿದ್ದು ತಪ್ಪು ಅಂತ ನಾನು ಹೇಳುವುದಿಲ್ಲ, ನೋಡಲೇಬೇಕಾದದ್ದು. ಆದರೆ ಅಷ್ಟೆಲ್ಲ ನೋಡಿದವರು ಒಂದು ಹನಿ ರಕ್ತ ತೆಗೆದು ಸಕ್ಕರೆ ನೋಡಲಿಲ್ಲ.

ನಾನೇ ಬಾಯಿ ಬಿಟ್ಟು ಕೇಳಿದೆ. ಅದಕ್ಕೂ ಕಾರಣ ನಮ್ಮ ಡ್ರೈವರ್ ಅಣ್ಣ. ಅವರಿಗೆ ಹನ್ನೆರಡು ವರ್ಷದಿಂದ ಶುಗರ್ ಇತ್ತು. ಒಂದು ದಿನ ಯಲ್ಲಾಪುರದಲ್ಲಿ ಚಹಾ ಕುಡಿಯುವಾಗ, "ತಮಾ, ನಂಗೆ ಶುಗರ್ ಶುರುವಾದಾಗ ಹಿಂಗೇ ಆಗಿತ್ತು ನೋಡು" ಅಂದರು. ಮತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಆದ್ರೆ ನಿಂಗೆಲ್ಲಿ ಬರ್ತದೆ ಮಾರಾಯಾ, ಮೈಮೇಲೆ ಮಾಂಸ ಇದ್ರೆ ಅಲ್ವಾ" ಅಂದರು. ಆ ಮಾತು ತಲೆಯಲ್ಲಿ ಉಳಿಯಿತು. ಮುಂದಿನ ಸಲ ಡಾಕ್ಟರ ಹತ್ತಿರ, "ಸರ್, ಶುಗರ್ ಒಂದ್ಸಲ ನೋಡಬಹುದಾ" ಅಂದೆ. ಅವರು ಚೀಟಿ ಬರೆಯುತ್ತಲೇ, "ಮೊದಲು ಹೊಟ್ಟೆ ತುಂಬಾ ಉಣ್ಣು. ಈ ಮೈಗೆ ಶುಗರ್ ಎಲ್ಲಿಂದ ಬರ್ತದೆ" ಅಂದರು. ಶಕ್ತಿಗೆ ಟಾನಿಕ್ ಬರೆದುಕೊಟ್ಟರು. ಸಿಹಿಯಾದ ಕೆಂಪು ಟಾನಿಕ್. ದಿನಕ್ಕೆ ಎರಡು ಸಲ, ಎರಡೆರಡು ಚಮಚ.

ನವೆಂಬರ್ 14. ಮಕ್ಕಳ ದಿನ ಅಂತ ಎಲ್ಲರಿಗೂ ಗೊತ್ತು. ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡ್ರಿಕ್ ಬ್ಯಾಂಟಿಂಗ್ ಹುಟ್ಟಿದ ದಿನವೂ ಅದೇ. ಅದಕ್ಕೇ ಅದು ವಿಶ್ವ ಮಧುಮೇಹ ದಿನ. ಅವತ್ತು ಡ್ರೈವರ್-ಕಂಡಕ್ಟರುಗಳಿಗೆ ಒಂದು ತಪಾಸಣೆ ಶಿಬಿರ ಇಟ್ಟಿದ್ದರು. ಬಿಪಿ, ಶುಗರ್, ಕಣ್ಣು. ಬಾಗಿಲಿಗೆ ಕಾಗದ ಅಂಟಿಸಿತ್ತು: ನಲವತ್ತು ದಾಟಿದವರಿಗೆ ಮಾತ್ರ. ನಾನು ಡ್ರೈವರ್ ಅಣ್ಣನ ಜೊತೆ ಸುಮ್ನೆ ಹೋಗಿದ್ದೆ. ಅವರ ಸರದಿ ಮುಗಿಯಿತು. ನಾನು ಎದುರಿನ ಕುರ್ಚಿಯಲ್ಲಿ ಕೂತು ಬೆರಳು ಚಾಚಿದೆ. ನರ್ಸ್ ಅಕ್ಕ, "ನಿಮಗಲ್ಲ, ಪಟ್ಟಿಯಲ್ಲಿ ಹೆಸರಿಲ್ಲ" ಅಂದರು. "ಅಕ್ಕ, ಒಂದ್ಸಲ. ರಾತ್ರಿ ಎಂಟು ಸಲ ಏಳ್ತೇನೆ" ಅಂದೆ. ನನ್ನ ದನಿಯಲ್ಲಿ ಏನಿತ್ತೋ ಗೊತ್ತಿಲ್ಲ. ಅವರು ಸುತ್ತ ನೋಡಿದರು. ಹೊಸ ಸೂಜಿ ಹಾಕಿದರು. ಬೆರಳು ಹಿಂಡಿದರು, ಒಂದು ಹನಿ ಬಂತು, ಪಟ್ಟಿಗೆ ತಾಗಿಸಿದರು. ಮಷಿನ್ ಐದರಿಂದ ಹಿಂದಕ್ಕೆ ಎಣಿಸಿತು. 388.

ಅಕ್ಕ ಮಾತಾಡಲಿಲ್ಲ. ನನ್ನ ಬೆರಳನ್ನು ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಒಣಗಿಸಿ, ಇನ್ನೊಂದು ಕೈಯ ಬೆರಳು ಚುಚ್ಚಿ ಮತ್ತೆ ನೋಡಿದರು. 391.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ಬಂಗಡೆ ಸೋಸುತ್ತಿದ್ದಳು. ಕೈ ಹಾಗೇ ನಿಂತಿತು. "ಬಚ್ಚಲ ಹತ್ರ ಇರುವೆ ಹತ್ತಿತ್ತಲ್ಲಾ ತಮಾ" ಅಂದಳು. "ಒಂದು ತಿಂಗಳಿಂದ ಫಿನಾಯಿಲ್ ಹಾಕ್ತಾ ಇದ್ದೆ. ನಂಗೆ ಹೊಳೀಲೇ ಇಲ್ಲ." ಅವಳ ತಂದೆಗೆ ಶುಗರ್ ಇತ್ತಂತೆ. ಆಗ ಅವರ ಅವ್ವ ಇದನ್ನೇ ನೋಡಿ ಕಂಡುಹಿಡಿದಿದ್ದರಂತೆ. ಅವತ್ತು ರಾತ್ರಿ ಅವ್ವ ಊಟ ಮಾಡಲಿಲ್ಲ. ತಪ್ಪು ಅವಳದ್ದಲ್ಲ. ಎಷ್ಟು ಸಲ ಹೇಳಿದರೂ ಅವಳು ಈಗಲೂ ಆ ಮಾತು ಎತ್ತುತ್ತಾಳೆ.

ಮರುದಿನ ಖಾಲಿ ಹೊಟ್ಟೆಯ ಶುಗರ್ 246. ಎಚ್‌ಬಿಎ1ಸಿ 12.1. ಅದು ಹಿಂದಿನ ಎರಡು-ಮೂರು ತಿಂಗಳ ಸರಾಸರಿ ಹೇಳುವ ಪರೀಕ್ಷೆ. 6.5 ಆದರೆ ಸಕ್ಕರೆ ಕಾಯಿಲೆ. ಖಾಲಿ ಹೊಟ್ಟೆಗೆ 126 ಆದರೆ ಸಕ್ಕರೆ ಕಾಯಿಲೆ. ಲಕ್ಷಣಗಳಿದ್ದು ಯಾವಾಗ ನೋಡಿದರೂ 200 ದಾಟಿದ್ದರೆ ಅದೂ ಅಷ್ಟೇ. ನನ್ನದು ಎಲ್ಲ ಗೆರೆಗಳನ್ನೂ ಎಂದೋ ದಾಟಿತ್ತು.

ಹೆಸರು ಸಿಕ್ಕಿತು, ಇನ್ನು ಔಷಧ ತಗೊಂಡರೆ ಮುಗಿಯಿತು ಅಂದುಕೊಂಡೆ. ನಾನು ಇದನ್ನು ಬರೆಯಲು ಕೂತದ್ದೇ ಇಲ್ಲಿಂದ ಮುಂದಿನದ್ದನ್ನು ಹೇಳಲು. ನನಗೆ ಸಿಕ್ಕಿದ್ದು ಅರ್ಧ ಹೆಸರು ಮಾತ್ರ.

ಹೊಸ ಡಾಕ್ಟರು ರಿಪೋರ್ಟ್ ನೋಡಿ, "ಈಗಿನ ಹುಡುಗರಿಗೆಲ್ಲ ಬರ್ತಾ ಇದೆ, ಟೆನ್ಶನ್ ಜಾಸ್ತಿ" ಅಂದರು. ಮೆಟ್‌ಫಾರ್ಮಿನ್, ಗ್ಲಿಮಿಪಿರೈಡ್ ಬರೆದರು. ಸಿಹಿ ಬಿಡು, ಅನ್ನ ಬಿಡು, ನಡೆ ಅಂದರು. ನಮ್ಮಲ್ಲಿ ಶುಗರ್ ಇರುವವರಲ್ಲಿ ನೂರಕ್ಕೆ ತೊಂಬತ್ತಕ್ಕೂ ಜಾಸ್ತಿ ಜನಕ್ಕೆ ಇರುವುದು ಟೈಪ್ 2, ಅಂದರೆ ಮೈಯಲ್ಲಿ ಇನ್ಸುಲಿನ್ ಇದ್ದರೂ ಅದು ಸರಿಯಾಗಿ ಕೆಲಸ ಮಾಡದ ಬಗೆ. ಹಾಗಾಗಿ ಅವರ ಅಂದಾಜು ಆ ಕಡೆ ಹೋದದ್ದು ಸಹಜ. ಆದರೆ ಅಂದಾಜು ಅಂದಾಜೇ. ಟೈಪ್ ಯಾವುದು ಅಂತ ನೋಡುವ ಪರೀಕ್ಷೆ ಒಂದಿದೆ ಅಂತ ನನಗೆ ಗೊತ್ತೂ ಇರಲಿಲ್ಲ, ಅವರು ಹೇಳಲೂ ಇಲ್ಲ.

ನಾನು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಮಾಡಿದೆ. ನಮ್ಮ ಕಡೆ ಕುಚಲಕ್ಕಿ ಗಂಜಿ ಇಲ್ಲದೆ ಬೆಳಗಾಗುವುದಿಲ್ಲ, ಅದನ್ನೇ ಬಿಟ್ಟೆ. ಎರಡು ಚಪಾತಿ, ಪಲ್ಯ, ಮೀನು. ಬೆಳಗಿನ ಟ್ರಿಪ್ಪಿಗೆ ಮೊದಲು ನಾಲ್ಕೂವರೆಗೆ ಎದ್ದು ಅವರ್ಸಾ ರಸ್ತೆಯಲ್ಲಿ ನಡೆದೆ. ಹಾಗಲಕಾಯಿ ರಸ ಕುಡಿದೆ, ಮೆಂತ್ಯ ನೆನೆಸಿ ತಿಂದೆ, ಅಮೃತಬಳ್ಳಿ ಕಷಾಯ ಕುಡಿದೆ. ಫೆಬ್ರವರಿಗೆ ಎಚ್‌ಬಿಎ1ಸಿ 8.9ಕ್ಕೆ ಬಂತು. ಎಲ್ಲರೂ ಖುಷಿಪಟ್ಟರು. ಆಗ ಮೈಯಲ್ಲಿ ಇನ್ಸುಲಿನ್ ಮಾಡುವ ಕಣಗಳು ಇನ್ನೂ ಒಂದಿಷ್ಟು ಉಳಿದಿದ್ದವು. ಗ್ಲಿಮಿಪಿರೈಡ್ ಗುಳಿಗೆ ಅವನ್ನೇ ಹಿಂಡಿ ಕೆಲಸ ಮಾಡಿಸುತ್ತಿತ್ತು. ಮೇ ತಿಂಗಳಲ್ಲಿ 11.3. ಗುಳಿಗೆ ಹೆಚ್ಚಿಸಿದರು, ಮೂರನೆಯದನ್ನು ಸೇರಿಸಿದರು. "ಪಥ್ಯ ಸರಿಯಾಗಿ ಮಾಡ್ತಾ ಇಲ್ಲ ನೀನು. ಗುಟ್ಟಾಗಿ ತಿಂತೀಯಾ?" ಅಂದರು. ತೂಕ 49. ಅವತ್ತು ಕ್ಲಿನಿಕ್ಕಿನ ಹೊರಗೆ ಬೈಕಿನ ಮೇಲೆ ಕೂತು ಅತ್ತೆ. ಹಸಿವು ತಡೆದು ತಡೆದು ಕೈ ಕಾಲು ಸೋತಿದ್ದವು. ಅಂಥವನಿಗೆ ಕದ್ದು ತಿಂತೀಯಾ ಅಂದರೆ ಹೇಗಾಗಬೇಕು?

ಏಪ್ರಿಲಿನಲ್ಲೇ ಒಬ್ಬರು ನನಗೆ ಸರಿಯಾದ ದಾರಿ ತೋರಿಸಿದ್ದರು. ನಾನು ಕೇಳಲಿಲ್ಲ. ಶಿರಸಿ ಕಡೆಯ ಒಬ್ಬ ವೈದ್ಯರು. ಬೇರು, ನಾರು, ಕಷಾಯದ ವೈದ್ಯರು. ಸೋದರಮಾವ ದೇವಿಮನೆ ಘಟ್ಟ ಹತ್ತಿಸಿ ಅವರ ಮನೆಗೆ ಕರೆದುಕೊಂಡು ಹೋಗಿದ್ದ. ಅಡಿಕೆ ತೋಟದ ಮೇಲಿನ ಮನೆ, ಅಂಗಳದಲ್ಲಿ ಅಟ್ಟ ಹಾಕಿದ್ದರು. ವಯಸ್ಸು ಎಪ್ಪತ್ತರ ಮೇಲೆ. ನಾಡಿ ನೋಡಿದರು, ನಾಲಿಗೆ ನೋಡಿದರು, ಪಕ್ಕೆಲುಬಿನ ಮೇಲೆ ಕೈ ಆಡಿಸಿದರು. "ತಮಾ, ನಿಂಗೆ ಉಣ್ಣಬೇಡ ಹೇಳಿದವ್ರು ಯಾರು?" ಅಂತ ಕೇಳಿದರು. ಚರಕ ಸಂಹಿತೆಯಲ್ಲೇ ಇದೆಯಂತೆ: ಪ್ರಮೇಹದ ರೋಗಿಗಳಲ್ಲಿ ದಪ್ಪಗಿದ್ದು ಬಲ ಇರುವವರು ಬೇರೆ, ತೆಳ್ಳಗಿದ್ದು ಬಲ ಇಲ್ಲದವರು ಬೇರೆ. ದಪ್ಪಗಿದ್ದವರಿಗೆ ಶೋಧನೆ, ತೆಳ್ಳಗಿದ್ದವರಿಗೆ ಮೈ ತುಂಬುವ ಆಹಾರ. "ನಿನ್ನದು ಎರಡನೇ ನಮೂನೆ. ಇದು ನನ್ನ ಸೊಪ್ಪಿಗೆ ಬಗ್ಗುವಂಥದ್ದಲ್ಲ. ದೊಡ್ಡ ಆಸ್ಪತ್ರೆಗೆ ಹೋಗಿ ಮತ್ತೊಮ್ಮೆ ನೋಡಿಸು" ಅಂದರು. ಔಷಧ ಕೊಡಲಿಲ್ಲ. ಹಣ ಮುಟ್ಟಲಿಲ್ಲ. ದೊಡ್ಡ ಆಸ್ಪತ್ರೆ ಅಂದರೆ ನಮಗೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು, ಇಲ್ಲಾ ಗೋವಾ. ಎರಡು ದಿನದ ರಜೆ. ಮುಂದಿನ ತಿಂಗಳು ನೋಡೋಣ ಅಂತ ಬಿಟ್ಟೆ.

2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತು. ಹೆಂಗಸರಿಗೆ ಬಸ್ ಪ್ರಯಾಣ ಉಚಿತ. ಆ ವಾರಗಳ ನೂಕುನುಗ್ಗಲು ಕಂಡವರಿಗೇ ಗೊತ್ತು. ಗೋಕರ್ಣಕ್ಕೆ ಹೋಗುವವರು, ಇಡಗುಂಜಿಗೆ ಹೋಗುವವರು, ಶಿರಸಿ ಮಾರಿಕಾಂಬೆಗೆ ಹೋಗುವವರು. ಖುಷಿಯ ಜನ. ಮೊದಲ ಸಲ ಒಬ್ಬರೇ ಊರು ಬಿಟ್ಟು ಹೊರಟ ಅಜ್ಜಿಯರನ್ನು ಕಂಡು ನನಗೂ ಖುಷಿಯಾಗಿತ್ತು. ಒಬ್ಬೊಬ್ಬರ ಆಧಾರ್ ನೋಡಿ ಶೂನ್ಯ ಟಿಕೆಟ್ ಹರಿದುಕೊಡಬೇಕು. ರಜೆ ಕೇಳುವ ಹಾಗೇ ಇರಲಿಲ್ಲ. ನನಗೆ ಅದೇ ಹೊತ್ತಿಗೆ ಮಳೆ ಜ್ವರ ಹಿಡಿದಿತ್ತು. ಎರಡು ದಿನ ಜ್ವರದಲ್ಲೇ ಡ್ಯೂಟಿ ಮಾಡಿದೆ. ಮೂರನೇ ದಿನ ಬೆಳಿಗ್ಗೆ ವಾಂತಿ. ನೀರು ಕುಡಿದರೂ ನಿಲ್ಲಲಿಲ್ಲ. ಹೊಟ್ಟೆ ಹಿಂಡುತ್ತಿತ್ತು. ಉಸಿರು ಘಟ್ಟ ಹತ್ತಿದವನ ಹಾಗೆ, ಸುಮ್ನೆ ಮಲಗಿದ್ದರೂ ಆಳವಾಗಿ, ಜೋರಾಗಿ. ಅವ್ವ ಮುಖದ ಹತ್ತಿರ ಬಗ್ಗಿದವಳು, "ಬಾಯಿಂದ ಎಂತದಾ ಇದು ವಾಸನೆ, ಕೊಳೆತ ಇಶಾಡ ಹಣ್ಣಿನ ಹಾಗೆ" ಅಂದಳು. ಕರಿ ಇಶಾಡ ನಮ್ಮ ಅಂಕೋಲೆಯ ಮಾವು. ಆ ಹಣ್ಣಿನ ಸೀಸನ್ ಅಷ್ಟೊತ್ತಿಗೆ ಮುಗಿಯುತ್ತಾ ಬಂದಿತ್ತು. ಮನೆಯಲ್ಲಿ ಒಂದು ಹಣ್ಣೂ ಇರಲಿಲ್ಲ.

ಆ ವಾಸನೆ ಕೀಟೋನಿನದ್ದು. ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಎಷ್ಟೇ ಸಕ್ಕರೆ ಇದ್ದರೂ ಮೈಗೆ ಅದು ಸಿಗುವುದಿಲ್ಲ. ಆಗ ಮೈ ತನ್ನ ಕೊಬ್ಬನ್ನೇ ಸುಡುತ್ತದೆ. ಕೀಟೋನ್ ರಾಶಿ ಬಿದ್ದು ರಕ್ತ ಹುಳಿಯಾಗುತ್ತದೆ. ಆ ಹುಳಿಯನ್ನು ಹೊರಹಾಕಲೆಂದೇ ಆ ಜೋರು ಉಸಿರು. ಡಾಕ್ಟರುಗಳು ಇದಕ್ಕೆ ಡಿಕೆಎ ಅನ್ನುತ್ತಾರೆ. ತಡ ಮಾಡಿದರೆ ಜೀವವೇ ಹೋಗುತ್ತದೆ. ಹೊಟ್ಟೆನೋವು, ವಾಂತಿ ಅಂತ ಮನೆಯಲ್ಲಿ ಜೀರಿಗೆ ಕಷಾಯ ಮಾಡಿಕೊಂಡು ಕೂರುವ ಹೊತ್ತಲ್ಲ ಅದು. ಇದನ್ನು ಓದುವವರ ಮನೆಯಲ್ಲಿ ಶುಗರ್ ಇರುವ ಹುಡುಗರಿದ್ದರೆ, ಈ ಒಂದು ಸಂಗತಿಯನ್ನಾದರೂ ನೆನಪಿಟ್ಟುಕೊಳ್ಳಿ.

ಡ್ರೈವರ್ ಅಣ್ಣನೇ ಗಾಡಿ ಮಾಡಿಸಿ ಕಾರವಾರಕ್ಕೆ ಕರೆದುಕೊಂಡು ಹೋದರು. ಮೂರು ದಿನ ಐಸಿಯು. ಒಂದು ಕೈಗೆ ಸಲೈನ್, ಇನ್ನೊಂದಕ್ಕೆ ಇನ್ಸುಲಿನ್. ಗಂಟೆಗೊಮ್ಮೆ ಬೆರಳು ಚುಚ್ಚುತ್ತಿದ್ದರು. ಎರಡನೇ ರಾತ್ರಿ ಒಬ್ಬರು ಡ್ಯೂಟಿ ಡಾಕ್ಟರ್ ಬಂದು ಹಾಸಿಗೆ ಪಕ್ಕ ಸ್ಟೂಲ್ ಎಳೆದುಕೊಂಡು ಕೂತರು. ನನಗಿಂತ ಒಂದೆರಡು ವರ್ಷ ದೊಡ್ಡವರಿರಬೇಕು. ನನ್ನ ಹಳೇ ಚೀಟಿಗಳನ್ನೆಲ್ಲ ಮಂಚದ ಮೇಲೆ ಹರಡಿ, ತಾರೀಕಿನ ಪ್ರಕಾರ ಜೋಡಿಸಿದರು. ತೂಕ ಎಲ್ಲೆಲ್ಲಿ ಬರೆದಿದ್ದರೋ ಅಲ್ಲೆಲ್ಲ ಪೆನ್ನಿನಲ್ಲಿ ಸುತ್ತು ಹಾಕಿದರು. 55, 52, 49, 47. ಆಮೇಲೆ ಕೇಳಿದರು: "ನಿಮಗಿರುವುದು ಯಾವ ಶುಗರ್ ಅಂತ ಯಾರಾದರೂ ನೋಡಿದ್ದಾರಾ?"

ಶುಗರಿನಲ್ಲಿ ಯಾವುದು ಅಂತ ಬೇರೆ ಇರುತ್ತದಾ ಮೇಡಂ, ಅಂದೆ.

ಅವರು ಹೇಳಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಬೀಟಾ ಕಣಗಳಿವೆ. ಕೆಲವರಲ್ಲಿ, ರೋಗದ ವಿರುದ್ಧ ಹೋರಾಡಬೇಕಾದ ಮೈಯ ಸ್ವಂತ ಕಾವಲು ಪಡೆಯೇ ಆ ಕಣಗಳನ್ನು ಕೊಲ್ಲುತ್ತದೆ. ಅದು ಟೈಪ್ 1. ಮಕ್ಕಳ ಕಾಯಿಲೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ, ಆದರೆ ಯಾವ ವಯಸ್ಸಿಗೂ ಬರಬಹುದು. ದೊಡ್ಡವರಲ್ಲಿ ಕೆಲವೊಮ್ಮೆ ನಿಧಾನವಾಗಿ ಬರುತ್ತದೆ, ತಿಂಗಳು, ವರ್ಷಗಟ್ಟಲೆ. ಅದಕ್ಕೆ ಲಾಡಾ ಅಂತಾರೆ. ಶುರುವಿನಲ್ಲಿ ಗುಳಿಗೆಗೆ ಬಗ್ಗಿದ ಹಾಗೆ ಕಾಣುತ್ತದೆ, ಹಾಗಾಗಿ ಟೈಪ್ 2 ಅಂತ ಮೋಸ ಹೋಗುವುದು ಸುಲಭ. ನೋಡಲು ಎರಡು ರಕ್ತ ಪರೀಕ್ಷೆಗಳಿವೆ. ಗ್ಯಾಡ್ ಆಂಟಿಬಾಡಿ ಅನ್ನುವುದು ಆ ದಾಳಿಯ ಗುರುತು. ಸಿ-ಪೆಪ್ಟೈಡ್ ಅನ್ನುವುದು ಮೈ ಇನ್ನೂ ಎಷ್ಟು ಇನ್ಸುಲಿನ್ ಮಾಡುತ್ತಿದೆ ಅನ್ನುವ ಅಳತೆ. ಗ್ಯಾಡ್‌ಗೆ ಅಲ್ಲೇ ರಕ್ತ ತೆಗೆದು ಬೇರೆ ಊರಿನ ಲ್ಯಾಬಿಗೆ ಕಳಿಸಿದರು. ಸಿ-ಪೆಪ್ಟೈಡನ್ನು ಶುಗರ್ ಹತೋಟಿಗೆ ಬಂದು ಎರಡು ವಾರ ಕಳೆದ ಮೇಲೆ ಮಾಡಿಸಿ, ಈಗ ಮಾಡಿದರೆ ತಪ್ಪು ಲೆಕ್ಕ ಬರಬಹುದು ಅಂದರು. ಎರಡೂ ಸೇರಿ ನಾಲ್ಕು ಸಾವಿರಕ್ಕೆ ಸ್ವಲ್ಪ ಜಾಸ್ತಿ ಆಯಿತು. ಗ್ಯಾಡ್ ಪಾಸಿಟಿವ್. ಸಿ-ಪೆಪ್ಟೈಡ್ 0.2, ತೀರಾ ಕಡಿಮೆ. ನನ್ನದು ಟೈಪ್ 1.

ಇನ್ಸುಲಿನ್ ಇಲ್ಲದ ಕಾಲದಲ್ಲಿ ಟೈಪ್ 1 ಬಂದ ಮಕ್ಕಳನ್ನು ಉಪವಾಸ ಹಾಕಿ ಒಂದಿಷ್ಟು ತಿಂಗಳು ಹೆಚ್ಚು ಬದುಕಿಸುತ್ತಿದ್ದರಂತೆ. 1922ರ ಜನವರಿಯಲ್ಲಿ ಕೆನಡಾದ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಅನ್ನುವ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಚುಚ್ಚಿದರು. ಅವನೂ ಎಲುಬಿನ ಗೂಡಾಗಿದ್ದನಂತೆ. ಅದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ಅದಾಗಿ ನೂರು ವರ್ಷ ಕಳೆದ ಮೇಲೆ, ಔಷಧ ಅಂಗಡಿಯ ಫ್ರಿಜ್ಜಿನಲ್ಲಿ ಇನ್ಸುಲಿನ್ ಇರುವಾಗ, ನಾನು ಅಂಕೋಲೆಯಲ್ಲಿ ಕೂತು ಉಪವಾಸ ಮಾಡುತ್ತಿದ್ದೆ.

ಡಿಸ್ಚಾರ್ಜ್ ಆದ ಮೇಲೆ ಹಳೇ ಕ್ಲಿನಿಕ್ಕಿಗೆ ಹೋದೆ. ಜಗಳಕ್ಕಲ್ಲ. ಇನ್ನೊಬ್ಬ ಹುಡುಗ ಬಂದರೆ ಅವರಿಗೆ ನೆನಪಿರಲಿ ಅಂತ. ರಿಪೋರ್ಟ್ ಮೇಜಿನ ಮೇಲಿಟ್ಟೆ. ಓದಿದರು. "ನೀನು ಮೊದಲೇ ಸರಿಯಾಗಿ ಹೇಳಬೇಕಿತ್ತು" ಅಂದರು. ಏನು ಹೇಳಬೇಕಿತ್ತು ನಾನು? ತೂಕ ಇಳಿದದ್ದನ್ನು ಅವರೇ ಚೀಟಿಯಲ್ಲಿ ಬರೆದಿದ್ದರು.

ತೆಳ್ಳಗಿರುವವರಿಗೆಲ್ಲ ಟೈಪ್ 1 ಅಂತ ತಿಳಿಯಬೇಡಿ. ಅದೂ ತಪ್ಪೇ. ಪುಣೆಯ ಡಾ. ಯಾಜ್ಞಿಕ್ ಮತ್ತು ಲಂಡನ್ನಿನ ಡಾ. ಯುಡ್ಕಿನ್ 2004ರಲ್ಲಿ ತಮ್ಮಿಬ್ಬರದೇ ಫೋಟೋ, ಅಳತೆ ಹಾಕಿ ಒಂದು ಪುಟ ಬರೆದಿದ್ದರು. ಎತ್ತರಕ್ಕೆ ತೂಕದ ಲೆಕ್ಕ ಇಬ್ಬರದೂ ಒಂದೇ, ಬಿಎಂಐ 22.3. ಆದರೆ ಯುಡ್ಕಿನ್ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕ್ ಮೈಯಲ್ಲಿ 21.2. ನಾವು ಹೊರಗೆ ಸಣ್ಣ ಕಂಡರೂ ಒಳಗೆ ಕೊಬ್ಬು ಇರುತ್ತದೆ, ಹಾಗಾಗಿ ತೆಳ್ಳಗಿನ ಭಾರತೀಯರಿಗೆ ಟೈಪ್ 2 ಕೂಡ ಧಾರಾಳವಾಗಿ ಬರುತ್ತದೆ. ಅಜ್ಜ, ಅಪ್ಪ, ಮಗ ಅಂತ ಸಾಲಾಗಿ ಎಳೆ ವಯಸ್ಸಿಗೇ ಬರುವ ಮೋಡಿ ಅಂತ ಒಂದಿದೆ. ವಂಶವಾಹಿಯ ಒಂದು ದೋಷದಿಂದ ಬರುವಂಥದ್ದು, ಅದರ ಕೆಲವು ಬಗೆಗಳಿಗೆ ಇನ್ಸುಲಿನ್ ಬೇಡ, ಗುಳಿಗೆಯೇ ಸಾಕು. ಮೇದೋಜೀರಕದಲ್ಲಿ ಕಲ್ಲು ಬೆಳೆದು ಬರುವ ಸಕ್ಕರೆ ಕಾಯಿಲೆಯೂ ಇದೆ, ಪಕ್ಕದ ಕೇರಳದಲ್ಲಿ ಹಿಂದಿನಿಂದ ಕಂಡದ್ದು, ಅವರೂ ಬಡಕಲಾಗಿಯೇ ಇರುತ್ತಾರೆ. ಚಿಕ್ಕಂದಿನಿಂದ ಹೊಟ್ಟೆಗೆ ಸಾಲದೆ ಬೆಳೆದವರಿಗೆ ಬರುವುದನ್ನು 2025ರಲ್ಲಿ ಟೈಪ್ 5 ಅಂತ ಬೇರೆಯಾಗಿ ಹೆಸರಿಸಿದ್ದಾರೆ. ಮೈ ನೋಡಿ ಯಾವುದನ್ನೂ ಹೇಳಲಾಗುವುದಿಲ್ಲ. ಇರುವುದಿಲ್ಲ ಅಂತಲೂ ಹೇಳಲಾಗುವುದಿಲ್ಲ, ಇಂಥದ್ದೇ ಅಂತಲೂ ಹೇಳಲಾಗುವುದಿಲ್ಲ.

ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಪಿ-ಶುಗರ್ ತಪಾಸಣೆ 30 ದಾಟಿದವರಿಗೆ ಅಂತ ಇದೆ. ಲಕ್ಷಣ ಇಲ್ಲದವರನ್ನು ಹುಡುಕುವಾಗ ಎಲ್ಲೋ ಒಂದು ಕಡೆ ಗೆರೆ ಹಾಕಲೇಬೇಕು, ಅದು ನ್ಯಾಯವೇ. ಆದರೆ ನೀರಡಿಕೆ, ರಾತ್ರಿ ಏಳುವುದು, ತೂಕ ಇಳಿಯುವುದು ಇದ್ದವನು ಆ ಗೆರೆಗೆ ಸೇರಿದವನಲ್ಲ. ಅವನ ವಯಸ್ಸು ಹತ್ತಾದರೂ ಅವತ್ತೇ ಬೆರಳು ಚುಚ್ಚಬೇಕು. ನಾಚಿಕೊಳ್ಳದೆ ಕೇಳಿ. ಬೇಡ ಅಂದರೆ ಯಾವುದಾದರೂ ಲ್ಯಾಬಿಗೆ ನೀವೇ ಹೋಗಿ ಮಾಡಿಸಿ. ಶುಗರ್ ಬಂದರೆ ಅಲ್ಲಿಗೆ ಬಿಡಬೇಡಿ. ಕೀಟೋನ್ ನೋಡಿ ಅನ್ನಿ. ಟೈಪ್ ಯಾವುದು ಅಂತ ಹೇಗೆ ಗೊತ್ತಾಯಿತು ಡಾಕ್ಟ್ರೇ, ಅಂತ ಕೇಳಿ. ಗುಳಿಗೆ ತಗೊಂಡೂ ತೂಕ ಇಳಿಯುತ್ತಿದ್ದರೆ ಮತ್ತೆ ಕೇಳಿ.

ಇನ್ಸುಲಿನ್ ಶುರುವಾದ ಮೇಲಿನ ಮೊದಲ ಗಂಜಿ ನನಗೆ ನೆನಪಿದೆ. ಅವ್ವ ಬಟ್ಟಲು ಮುಂದಿಟ್ಟು ದೂರ ನಿಂತಿದ್ದಳು, ನಾನು ಬೇಡ ಅನ್ನುತ್ತೇನೋ ಅಂತ. ಪಕ್ಕದಲ್ಲಿ ಮಾವಿನ ಮಿಡಿ ಉಪ್ಪಿನಕಾಯಿ, ಸುಟ್ಟ ಒಣಮೀನು. ಪೆನ್ನಿನಲ್ಲಿ ಆರು ಯೂನಿಟ್ ತಿರುಗಿಸಿದೆ, ಹೊಟ್ಟೆಯ ಚರ್ಮ ಹಿಡಿದು ಚುಚ್ಚಿದೆ. ಸೂಜಿ ನಾಲ್ಕೇ ಮಿಲಿಮೀಟರ್, ಇರುವೆ ಕಚ್ಚಿದಷ್ಟೂ ಇಲ್ಲ. ಊಟ ಮಾಡಿ ಎರಡು ಗಂಟೆ ಬಿಟ್ಟು ನೋಡಿದರೆ 152. ಏಳು ತಿಂಗಳು ಗಂಜಿ ಮುಟ್ಟದೆ ಇದ್ದಾಗಲೂ ನಾನು ಅಂಥ ನಂಬರ್ ಕಂಡಿರಲಿಲ್ಲ. ಈಗ ದಿನಕ್ಕೆ ನಾಲ್ಕು ಸಲ ಚುಚ್ಚಿಕೊಳ್ಳುತ್ತೇನೆ. ತೂಕ 63.

ಸುಲಭ ಅಂತ ಹೇಳಲಾರೆ. ಒಂದು ಮಧ್ಯಾಹ್ನ ಊಟ ತಡವಾಗಿ, ಹಾರವಾಡದ ಹತ್ತಿರ ಕೈ ನಡುಗಿ ಟಿಕೆಟ್ ಮಷಿನ್ ಹಿಡಿಯಲಾಗಲಿಲ್ಲ. ಬೆವರು, ಎದೆ ಢವಢವ. ಶುಗರ್ 54ಕ್ಕೆ ಇಳಿದಿತ್ತು. ಎಪ್ಪತ್ತರ ಕೆಳಗೆ ಹೋದರೆ ಕೂಡಲೇ ಸಿಹಿ ಬೇಕು. ಖಾಲಿ ಬುಟ್ಟಿ ಹಿಡಿದು ಕೂತಿದ್ದ ಮೀನು ಮಾರುವ ಅಕ್ಕ ನನ್ನನ್ನು ಸೀಟಿನಲ್ಲಿ ಕೂರಿಸಿ, ನನ್ನ ಚೀಲದಿಂದ ಗ್ಲುಕೋಸ್ ಪುಡಿ ತೆಗೆದು ಅಂಗೈಗೆ ಸುರಿದಳು. ಹದಿನೈದು ನಿಮಿಷಕ್ಕೆ ಸರಿಯಾದೆ. ಅವತ್ತಿಂದ ಅವಳು ಬಸ್ ಹತ್ತಿದ ಕೂಡಲೇ ಕೇಳುವುದು "ಉಂಡಿಯೇನಾ ತಮಾ" ಅಂತಲೇ.

ಬಳಸುತ್ತಿರುವ ಪೆನ್ನು ಹೊರಗೇ ಇರಬಹುದು, ಸುಮಾರು ನಾಲ್ಕು ವಾರ. ಆದರೆ ನಮ್ಮ ಕರಾವಳಿಯ ಮೇ ತಿಂಗಳ ಸೆಖೆಗೆ ಅದೂ ಕೆಡುತ್ತದೆ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು, ಅದರೊಳಗೆ ಸಣ್ಣ ಮಡಕೆ, ಅದರಲ್ಲಿ ಪೆನ್ನು. ಕರೆಂಟ್ ಹೋದರೂ ಚಿಂತೆ ಇಲ್ಲ. 2024ರ ಜುಲೈ 16ಕ್ಕೆ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು, ಹೆದ್ದಾರಿ ಮುಚ್ಚಿತು. ಕುಮಟಾದಿಂದ ಇನ್ಸುಲಿನ್ ತರುವವನಿದ್ದೆ, ಆಗಲಿಲ್ಲ. ಕಾರವಾರಕ್ಕೆ ಹೋಗಿ ತಂದೆ. ಅವತ್ತಿಂದ ಒಂದು ತಿಂಗಳಿಗೆ ಆಗುವಷ್ಟು ಹೆಚ್ಚು ಇಟ್ಟುಕೊಳ್ಳುತ್ತೇನೆ.

ಕಳೆದ ಮೇ ತಿಂಗಳಲ್ಲಿ ನಮ್ಮ ಡಿಪೋಗೆ ಹೊಸ ಹುಡುಗ ಬಂದ. 24 ವರ್ಷ, ನನಗಿಂತ ಸಣ್ಣ. ಯಲ್ಲಾಪುರದ ವಿಶ್ರಾಂತಿ ಕೋಣೆಯಲ್ಲಿ ಒಂದು ಬಾಟಲಿ ನೀರನ್ನು ಒಂದೇ ಉಸಿರಿಗೆ ಕುಡಿದು ಇನ್ನೊಂದು ತುಂಬಿಸಲು ಹೋದ. ನಾನು ಚೀಲದಿಂದ ಮಷಿನ್ ತೆಗೆದೆ. "ಬಾ ತಮಾ ಇಲ್ಲಿ, ಕೈ ಕೊಡು" ಅಂದೆ. "ಎಂತಕ್ಕೆ ಅಣ್ಣಾ, ನಂಗೆಂತಾಗಿದೆ" ಅಂದ. ಸೋಪು ಹಾಕಿ ಕೈ ತೊಳೆಸಿದೆ. ಹೊಸ ಸೂಜಿ ಹಾಕಿ ಬೆರಳು ಚುಚ್ಚಿದೆ. ಮಷಿನ್ ಐದರಿಂದ ಹಿಂದಕ್ಕೆ ಎಣಿಸುವಾಗ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. 96.

ಸೆಖೆ ಅಷ್ಟೇ. ಬ್ರೇಕ್ ಮುಗಿಯಲು ಇನ್ನೂ ಹತ್ತು ನಿಮಿಷ ಇತ್ತು. ಇಬ್ಬರೂ ಹೊರಗೆ ಬಂದು ಚಹಾ ಹೇಳಿದೆವು.